ಸಾರ್ ದನಿಯಲ್ಲಿ ಕೇಳಿದ ನಾಲ್ಕನೇ ಪ್ರಶ್ನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನನ್ನನ್ನು ಬೈಯಲು ಕಾರಣ ಹುಡುಕುವ ಕಷ್ಟ ನಿಮಗೆ ಬೇಡ. ಮಾಚೇನಹಳ್ಳಿಯಲ್ಲಿ ಲೋಹದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಒಂದು ಮಂಗಳವಾರ ಬೆಳಗ್ಗೆ ಕಂಪ್ಯೂಟರ್ ಮುಷ್ಕರ ಹೂಡಿ ಕೂತಿದ್ದು ನನ್ನಿಂದ. ನಮ್ಮ ಪ್ರೋಗ್ರಾಮಿಗೆ ನಾನೊಂದು ಹೊಸ ಮೆಥಡ್ ಸೇರಿಸಿದ್ದೆ. ಸೇರಿಸುವ ಮುಂಚೆ ಗಿರಾಕಿಗಳಿಗೆಲ್ಲ ಫೋನ್ ಮಾಡಿ ವಿಚಾರಿಸಬೇಕಿತ್ತು. ವಿಚಾರಿಸಿದೆ ಕೂಡ. ಆದರೆ ನಮ್ಮ ಸಾರ್ ದನಿಯಲ್ಲಿ ವಿಚಾರಿಸಿದೆ.

ನನಗೆ ಬೇರೆಯವರ ದನಿ ಬರುತ್ತದೆ. ಇದು ಪ್ರತಿಭೆಯೋ ಕಾಯಿಲೆಯೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಭದ್ರಾವತಿ ಬಸ್ಸಿನ ಕಂಡಕ್ಟರು ಬರುತ್ತಾರೆ, ಹಲ್ಲಿನ ಡಾಕ್ಟರು ಬರುತ್ತಾರೆ, ನಮ್ಮ ಆಫೀಸಿನ ಕೆಳಗಿನ ಕನ್ನಡಕದ ಅಂಗಡಿಯವರು ಗಾಜು ಬದಲಿಸುತ್ತಾ "ಈಗ ಕಾಣುತ್ತಾ? ಈಗ?" ಎಂದು ಕೇಳುವುದಂತೂ ಅವರಿಗಿಂತ ಚೆನ್ನಾಗಿ ಬರುತ್ತದೆ. ನನ್ನ ಸ್ವಂತ ದನಿ ಕೇಳಿದವರು ಮಾತ್ರ ಕಡಿಮೆ.

ಆಫೀಸು ದುರ್ಗಿಗುಡಿಯಲ್ಲಿ, ಮಹಡಿಯ ಮೇಲೆ. ಒಳಗೆ ಐದು ಕುರ್ಚಿ. ಒಂದು ಕಾಲದಲ್ಲಿ ಐದೂ ಭರ್ತಿ ಇರುತ್ತಿದ್ದವು. ಆಮೇಲೆ ಮನೆಯಿಂದಲೇ ಕೆಲಸ ಮಾಡುವ ಕಾಲ ಬಂತು. ಅದು ಹೋಯಿತೆಂದು ಊರೆಲ್ಲ ಹೇಳುತ್ತದೆ, ನಮ್ಮಲ್ಲಿ ಮೂವರು ಮಾತ್ರ ಆ ಸುದ್ದಿಯನ್ನು ಇನ್ನೂ ನಂಬಿಲ್ಲ. ಯಜಮಾನರಾದ ಸಾರ್ ದಿನವಿಡೀ ಕಾರ್ಖಾನೆಗಳ ಸುತ್ತ ಬೈಕಿನಲ್ಲಿ ತಿರುಗುತ್ತಾರೆ. ಉಳಿದವನು ನಾನು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂರುವುದಕ್ಕಿಂತ ಇಲ್ಲಿ ಒಬ್ಬನೇ ಕೂರುವುದು ಮೇಲು, ಇಲ್ಲಿ ಕುರ್ಚಿಗಳಾದರೂ ಇವೆ ಎಂದು ಬರುತ್ತಿದ್ದೆ. ಸೋಮವಾರದ ಮೀಟಿಂಗನ್ನು ನಾನೊಬ್ಬನೇ ನಡೆಸಿದ್ದುಂಟು. ಆ ಕುರ್ಚಿಯ ದನಿಯಲ್ಲಿ ತಕರಾರು, ಈ ಕುರ್ಚಿಯ ದನಿಯಲ್ಲಿ ಸಮಜಾಯಿಷಿ, ಕೊನೆಗೆ ಸಾರ್ ದನಿಯಲ್ಲಿ ತೀರ್ಪು. ನಗುವವರು ಇಲ್ಲದಿದ್ದರಿಂದ ನಗುವನ್ನೂ ನಾನೇ ನಗಬೇಕಾಗುತ್ತಿತ್ತು. ಅದೊಂದು ಮಾತ್ರ ಸರಿಯಾಗಿ ಬರುತ್ತಿರಲಿಲ್ಲ.

ನಾವು ಮಾಡುವುದು ಒಂದು ಫ್ರೇಮ್‌ವರ್ಕ್. ಮನೆ ಕಟ್ಟುವ ಮುಂಚೆ ನಿಲ್ಲಿಸುವ ಚೌಕಟ್ಟಿದ್ದ ಹಾಗೆ. ಚಿಕ್ಕ ಕಾರ್ಖಾನೆಗಳ ತೂಕದ ಯಂತ್ರ, ಕುಲುಮೆಯ ಶಾಖ ಅಳೆಯುವ ಉಪಕರಣ ಮುಂತಾದವು ಅದರೊಳಗೆ ಬಂದು ಕೂರುತ್ತವೆ, ಅವು ಹೇಳಿದ ಅಂಕಿಗಳು ದಾಖಲಾಗುತ್ತವೆ. ಒಳಗೆ ಬರುವ ಪ್ರತಿ ಯಂತ್ರವೂ ಮೂರು ಪ್ರಶ್ನೆಗೆ ಉತ್ತರ ಕಲಿತಿರಬೇಕು: ಶುರು ಮಾಡುತ್ತೀಯಾ, ಎಷ್ಟು ಓದಿದೆ, ನಿಲ್ಲಿಸುತ್ತೀಯಾ. ಈ ಪ್ರಶ್ನೆಗಳಿಗೇ ಮೆಥಡ್ ಅನ್ನುವುದು. ಮೂರರಲ್ಲಿ ಒಂದಕ್ಕೆ ಉತ್ತರ ಇಲ್ಲದಿದ್ದರೂ ಫ್ರೇಮ್‌ವರ್ಕ್ ಬಾಗಿಲು ಹಾಕಿಕೊಳ್ಳುತ್ತದೆ, ಇಡೀ ಪ್ರೋಗ್ರಾಮು ಏಳುವುದೇ ಇಲ್ಲ.

ನಾನು ಸೇರಿಸಿದ್ದು ನಾಲ್ಕನೆಯದು: ಹುಷಾರಾಗಿದ್ದೀಯಾ? ತೂಕದ ಯಂತ್ರ ಕೆಡುವ ಮೊದಲೇ ಗೊತ್ತಾಗಬೇಕು ಎಂದು ಒಬ್ಬ ಗಿರಾಕಿ ಕೇಳಿದ್ದರು. ಯಂತ್ರ ಹೌದು ಎಂದರೆ ಪರದೆಯ ಮೇಲೆ ಹಸಿರು ಚುಕ್ಕಿ, ಇಲ್ಲ ಎಂದರೆ ಕೆಂಪು. ಯಂತ್ರಗಳ ಕ್ಷೇಮ ವಿಚಾರಿಸುವ ಈ ಪ್ರಶ್ನೆಯನ್ನು ಬರೆದವನ ಕ್ಷೇಮವನ್ನು ಆ ವಾರ ಯಾರೂ ವಿಚಾರಿಸಿರಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳುತ್ತೇನೆ, ನೀವು ನಂಬಬೇಕಾಗಿಲ್ಲ.

ನಾವೇ ಬರೆದುಕೊಟ್ಟ ಯಂತ್ರಗಳಿಗೆಲ್ಲ ನಾಲ್ಕನೇ ಉತ್ತರವನ್ನೂ ಕಲಿಸಿದೆ. ಉಳಿದದ್ದು ಸಾರ್ ಮಾಡಿಟ್ಟ ಒಂದು ಪದ್ಧತಿ. ಹೊಸ ಪ್ರಶ್ನೆ ಸೇರಿಸುವ ಮುಂಚೆ ಒಂದು ಫೋನ್ ಸುತ್ತು. ಪ್ರತಿ ಕಾರ್ಖಾನೆಗೂ ಫೋನ್ ಮಾಡಿ, "ನೀವು ಸ್ವಂತವಾಗಿ ಯಾವುದಾದರೂ ಯಂತ್ರ ಜೋಡಿಸಿಕೊಂಡಿದ್ದೀರಾ?" ಎಂದು ಕೇಳಬೇಕು. ಹೌದು ಅಂದವರಿದ್ದರೆ, ಅವರು ಸರಿಮಾಡಿಕೊಳ್ಳುವ ತನಕ ನಾವು ಕಾಯಬೇಕು. ಗಿರಾಕಿಗಳಿಗೆ ಕೊಟ್ಟ ಕರಾರಿನ ಕಾಗದದಲ್ಲಿ ಮಾತ್ರ ಸಾರ್ ಬೇರೆ ಬರೆದಿದ್ದರು: ಹೊರಗಿನವರು ಕೈ ಹಾಕಿದರೆ ನಾವು ಜವಾಬ್ದಾರರಲ್ಲ.

ನಾನು ಫೋನ್ ಮಾಡಿದರೆ ಎಲ್ಲರದೂ ಒಂದೇ ಮಾತು: "ಸಾರ್ ಇಲ್ವಾ? ಸಾರ್ ಹತ್ರ ಕೊಡಿ." ಇಲ್ಲ ಎಂದರೆ ಆಮೇಲೆ ಮಾಡುತ್ತೇವೆಂದು ಇಟ್ಟುಬಿಡುತ್ತಾರೆ. ಹಾಗಾಗಿ ಆ ಮಂಗಳವಾರಕ್ಕೆ ಕೆಲವು ದಿನ ಮುಂಚೆ ಒಂದು ಬೆಳಗ್ಗೆ ಗಂಟಲು ಸರಿಮಾಡಿಕೊಂಡೆ, ಮೂಗಿನಲ್ಲಿ ಸ್ವಲ್ಪ ಗಾಳಿ ತುಂಬಿಕೊಂಡೆ, ಸಾರ್ ಆದೆ. ಎಷ್ಟೊತ್ತಿನಲ್ಲಿ ಫೋನ್ ಮಾಡಿದರೂ ಅವರು ಮೊದಲು ಕೇಳುವುದು ಊಟದ ವಿಚಾರ.

"ಹೇಳಿ ಹೇಳಿ, ಊಟ ಆಯ್ತಾ?"

"ನಮಸ್ಕಾರ ಸಾರ್. ಇನ್ನೂ ಹತ್ತು ಗಂಟೆ ಸಾರ್," ಎಂದಿತು ಫೌಂಡ್ರಿಯ ಕಡೆಯ ದನಿ.

ಆ ದನಿ ನನಗೆ ಗೊತ್ತಿತ್ತು. ಫೌಂಡ್ರಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಅಕ್ಕ. ಅವರ ಮುಖ ನಾನು ಕಂಡಿರಲಿಲ್ಲ. ಎರಡು ವರ್ಷದ ಹಿಂದೆ, ಹೆಚ್ಚುಕಡಿಮೆ ಎರಡು ತಿಂಗಳು, ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ಮಾಡುತ್ತಿದ್ದರು. ಕುಲುಮೆಯ ಶಾಖ ಅಳೆಯುವ ಹಳೆಯದೊಂದು ಡಬ್ಬಿಯಿದೆ, ಅದನ್ನು ನಿಮ್ಮ ಪ್ರೋಗ್ರಾಮಿಗೆ ನಾನೇ ಜೋಡಿಸಬಹುದಾ ಎಂದು ಕೇಳಿದ್ದರು. "ಬರೀರಿ ಅಕ್ಕ, ಯಾರು ಬೇಡ ಅಂತಾರೆ. ಸಾರ್‌ಗೆ ನಾನು ಹೇಳ್ತೀನಿ," ಎಂದಿದ್ದೆ. ಅವರು ಮೊಬೈಲಿನಲ್ಲಿ ಪಾಠ ನೋಡಿ ಕಲಿಯುತ್ತಿದ್ದರು. ನನ್ನ ಕಂಡಕ್ಟರ್ ದನಿಗೆ ಮನಸಾರೆ ನಗುತ್ತಿದ್ದರು. ಒಂದು ದಿನ ಫೋನ್ ಬರಲಿಲ್ಲ, ಮರುದಿನವೂ ಬರಲಿಲ್ಲ. ಕೈಬಿಟ್ಟಿರಬೇಕು ಅಂದುಕೊಂಡೆ. ನಾನಾಗಿ ಫೋನ್ ಮಾಡಿ ಕೇಳಲಿಲ್ಲ. ಸಾರ್‌ಗೆ ಹೇಳಲೂ ಇಲ್ಲ. ಮಧ್ಯಾಹ್ನಗಳು ಸ್ವಲ್ಪ ಉದ್ದವಾದವು, ಅಷ್ಟೇ.

"ಅಂದ್ರೆ ನೋಡೀಮ್ಮ, ಹೊಸ ಮೆಥಡ್ ಒಂದು ಸೇರಿಸ್ತಾ ಇದೀವಿ," ಎಂದೆ, ಸಾರ್ ದನಿಯಲ್ಲಿ. "ನೀವೇನಾದ್ರೂ ಸ್ವಂತ ಬರ್ಕೊಂಡಿದೀರಾ?"

"ಇಲ್ಲ ಸಾರ್. ನಮಗೆಲ್ಲ ಅದೆಲ್ಲಿ ಬರುತ್ತೆ."

ಅಲ್ಲೇ ನನ್ನ ದನಿಗೆ ಇಳಿದು, "ಅಕ್ಕ, ನಾನು!" ಅನ್ನಬಹುದಿತ್ತು. ಆದರೆ ಅಷ್ಟು ದೂರ ಸಾರ್ ಆಗಿ ನಡೆದುಬಂದವನಿಗೆ ಇಳಿಯಲು ನಾಚಿಕೆಯಾಯಿತು. "ಆಯ್ತಮ್ಮ, ಒಳ್ಳೇದು," ಎಂದು ಇಟ್ಟೆ. ಇಟ್ಟಮೇಲೆ, ಪಾಪ, ಅಷ್ಟು ಕಷ್ಟಪಟ್ಟು ಕಲಿತವರು ಬಿಟ್ಟೇಬಿಟ್ಟರಲ್ಲ ಎಂದು ಬೇಜಾರೂ ಆಯಿತು. ಅವರು ಸುಳ್ಳು ಹೇಳಿರಬಹುದೆಂದು ಹೊಳೆಯಲಿಲ್ಲ. ಸುಳ್ಳು ದನಿಯಲ್ಲಿ ಕೇಳಿದವನಿಗೆ ಅದಾದರೂ ಹೊಳೆಯಬೇಕಿತ್ತು.

ಸೋಮವಾರ ಸಂಜೆ ಹೊಸ ಆವೃತ್ತಿ ಎಲ್ಲ ಕಾರ್ಖಾನೆಗಳಿಗೂ ತಾನೇ ಹೋಗಿ ಕೂತಿತು. ಮಂಗಳವಾರ ಎಂಟೂವರೆಗೆ ಫೋನ್.

"ನಿಮ್ ಸಾರ್ ಪಕ್ಕದಲ್ಲಿದಾರಾ?"

"ಇಲ್ಲ ಅಕ್ಕ. ನಾನೊಬ್ನೇ."

"ಹಂಗಾದ್ರೆ ಕೇಳು ಮಾರಾಯ. ಪ್ರೋಗ್ರಾಮ್ ಏಳ್ತಾ ಇಲ್ಲ. ಕುಲುಮೆ ಡಬ್ಬಿ ನಾಲ್ಕನೇ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಅಂತ ಕೆಂಪಕ್ಷರದಲ್ಲಿ ಬೈತಾ ಇದೆ. ನಾಲ್ಕನೇ ಪ್ರಶ್ನೆ ಎಲ್ಲಿಂದ ಬಂತು? ಇದ್ದಿದ್ದು ಮೂರಲ್ವಾ?"

ಅವರು ಕೈಬಿಟ್ಟಿರಲಿಲ್ಲ. ಎರಡು ವರ್ಷದಿಂದ ಆ ಡಬ್ಬಿ ನಮ್ಮ ಚೌಕಟ್ಟಿನೊಳಗೆ ಕೂತು ದಿನಾ ಮೂರು ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುತ್ತಿತ್ತು, ಮತ್ತು ಆ ವಿಷಯ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಸಾರ್‌ಗೆ ಮಾತ್ರ ಹೇಳ್ಬೇಡ," ಎಂದರು. "ಅವತ್ತು ಕೇಳ್ದಾಗ ಬೈತಾರೆ ಅಂತ ಹೆದರಿ ಇಲ್ಲ ಅಂದ್ಬಿಟ್ಟೆ."

ಭದ್ರಾವತಿ ಬಸ್ಸು ಹತ್ತಿ ಮಾಚೇನಹಳ್ಳಿಯಲ್ಲಿ ಇಳಿದೆ. ಕಂಡಕ್ಟರು ಎಂದಿನಂತೆ ಕೂಗಿದರು. ಅವತ್ತು ಅದನ್ನು ಗಮನವಿಟ್ಟು ಕೇಳುವ ಮನಸ್ಸು ಇರಲಿಲ್ಲ.

ಗೇಟಿನಲ್ಲೇ ಓನರು ಸಿಕ್ಕರು. ಕಂಕುಳಲ್ಲಿ ದಪ್ಪ ರಟ್ಟಿನದೊಂದು ರಿಜಿಸ್ಟರು.

"ಏನಯ್ಯಾ, ನಮ್ ಲ್ಯಾಬ್ ಕೆಡಿಸಿದೋನು ನೀನೇನಾ? ನೋಡೋಕೆ ಇಷ್ಟೇ ಇದೀಯ!"

"ಕೆಡಿಸೋಕೆ ಇಷ್ಟು ಸಾಕು ಸಾರ್," ಎಂದೆ. ಅವರು ನಗಲಿಲ್ಲ.

ವಿಷಯ ಹೀಗಿತ್ತು. ಶುಕ್ರವಾರ ಇವರಿಂದ ಎರಕದ ಮಾಲು ಕೊಳ್ಳುವ ಕಂಪನಿಯ ಅಧಿಕಾರಿ ಪರಿಶೀಲನೆಗೆ ಬರುವವರಿದ್ದರು. ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸುವ ಲೋಹಕ್ಕೆ ಹೀಟ್ ಅನ್ನುತ್ತಾರೆ, ಪ್ರತಿ ಹೀಟಿನ ಶಾಖ ಎಷ್ಟಿತ್ತೆಂಬ ದಾಖಲೆ ಅವರಿಗೆ ಬೇಕು. ಅಷ್ಟರೊಳಗೆ ಕಂಪ್ಯೂಟರ್ ಎದ್ದು, ಅಧಿಕಾರಿ ಅದನ್ನು ಒಪ್ಪಿದರೆ ಸರಿ. ಇಲ್ಲದಿದ್ದರೆ ಓನರು ಮತ್ತೆ ರಿಜಿಸ್ಟರಿಗೆ ಮರಳುತ್ತಾರೆ, ಅಕ್ಕ ಮತ್ತೆ ಕೋರ್ ಸೆಕ್ಷನ್ನಿಗೆ. ಅಲ್ಲಿ ಮರಳಿನ ಅಚ್ಚು ಬಡಿದು ಬಡಿದು ಹನ್ನೊಂದು ವರ್ಷ ಕಳೆದು, ಆ ಪ್ರೋಗ್ರಾಮಿನ ಬಲದಿಂದಲೇ ಅವರು ಲ್ಯಾಬಿನ ಕುರ್ಚಿಗೆ ಬಂದಿದ್ದು.

ಲ್ಯಾಬ್ ಅಂದರೆ ಒಂದು ಕಿಟಕಿ, ಒಂದು ಟೇಬಲ್, ಗೋಡೆಗೆ ಆನಿಸಿಟ್ಟ ಉದ್ದನೆಯ ಸರಳು. ಸರಳಿನ ತುದಿಗೆ ಕಾಗದದ ಕೊಳವೆಯಂಥ ಟಿಪ್ ಸಿಕ್ಕಿಸಿ ಕರಗಿದ ಲೋಹಕ್ಕೆ ಅದ್ದಿದರೆ ಡಬ್ಬಿಯಲ್ಲಿ ಶಾಖದ ಅಂಕಿ ಬರುತ್ತದೆ. ಅಕ್ಕನಿಗೆ ನಲವತ್ತೈದರ ಮೇಲೆ ವಯಸ್ಸು. ಕನ್ನಡಕಕ್ಕೆ ಒಂದು ಕಡೆ ದಾರ ಕಟ್ಟಿತ್ತು. ದನಿಯಿಂದ ನಾನು ಕಟ್ಟಿಕೊಂಡಿದ್ದ ಮುಖಕ್ಕೂ ಇವರಿಗೂ ಸಂಬಂಧವೇ ಇರಲಿಲ್ಲ.

"ನೀನು ದಪ್ಪ ಇದೀಯ ಅಂದ್ಕೊಂಡಿದ್ದೆ," ಎಂದರು.

"ಸಾರ್ ದಪ್ಪ ಅಕ್ಕ. ನಾನು ಅವರ ನೆರಳು."

ಅವರು ಬರೆದ ಕೋಡನ್ನು ತೆರೆದೆ. ನಡುನಡುವೆ ಕನ್ನಡದಲ್ಲಿ ಟಿಪ್ಪಣಿಗಳಿದ್ದವು. "ಇಲ್ಲಿ ಮುಟ್ಟಬೇಡಿ, ಮೂರು ದಿನ ಹೋಗಿದೆ." "ಇದು ಯಾಕೆ ಸರಿಹೋಯಿತು ತಿಳಿಯದು, ಹೋಯಿತು." ಇನ್ನೊಂದು ಕಡೆ, "ಇವತ್ತು ಕೊನೆಗೂ ಓದಿತು. ಸಂಜೆ ನಾಲ್ಕು ಗಂಟೆ." ಮುಟ್ಟಬೇಡಿ ಎಂದು ಯಾರಿಗೆ ಹೇಳಿದ್ದರೋ. ಆ ಕಡತವನ್ನು ಅವರಲ್ಲದೆ ತೆರೆದವನು ನಾನೇ ಮೊದಲು.

"ಇದು ಓದಿದ ದಿನ ನನಗ್ಯಾಕೆ ಫೋನ್ ಮಾಡ್ಲಿಲ್ಲ?" ಎಂದು ಕೇಳಿದೆ.

"ಮಾಡೋಣ ಅಂತ ಮೊಬೈಲ್ ತೆಗ್ದೆ. ಇನ್ನು ಕೇಳೋಕೆ ಡೌಟೇ ಇಲ್ವಲ್ಲ, ಸುಮ್ನೆ ಯಾಕೆ ತೊಂದ್ರೆ ಕೊಡೋದು ಅನ್ನಿಸ್ತು. ಜನ್ನಾಪುರಕ್ಕೆ ಹೋಗಿ ತಂಗಿ ಮಕ್ಕಳಿಗೆ ಹೇಳಿದ್ರೆ, ದೊಡ್ಡಮ್ಮ ರೀಲ್ ಬಿಡ್ತಾಳೆ ಅಂದ್ವು."

ನಾನು ಕೀಬೋರ್ಡನ್ನು ಹತ್ತಿರ ಎಳೆದುಕೊಂಡೆ.

ಅವರ ಕೋಡಿಗೆ ನಾಲ್ಕನೇ ಉತ್ತರ ಸೇರಿಸಿಬಿಟ್ಟರೆ ಐದು ನಿಮಿಷದ ಕೆಲಸ ಎಂದೆ. ಅವರು ಒಪ್ಪಲಿಲ್ಲ. "ಇವತ್ತು ನೀನು ನಾಲ್ಕು ಅಂತೀಯ, ಮುಂದಿನ ತಿಂಗ್ಳು ಐದು ಅಂತೀಯ. ನಾನು ಹೀಟ್ ನೋಡ್ಲೋ, ನಿನ್ನ ಪ್ರಶ್ನೆ ಎಣಿಸ್ಲೋ? ಹೊಸಾದು ಬೇಕು ಅಂದೋನು ನೀನು, ನೀನೇ ಏನಾದ್ರೂ ಮಾಡು. ಮೊದ್ಲಿಂದ ಇರೋರನ್ನ ಯಾಕೆ ಎಬ್ಬಿಸ್ತೀಯ?"

ಅವರ ಮಾತು ಸರಿ. ಪ್ರಶ್ನೆ ಸೇರಿಸುವವನೇ ಅದಕ್ಕೊಂದು ತಯಾರು ಉತ್ತರವನ್ನೂ ಚೌಕಟ್ಟಿನೊಳಗೆ ಇಟ್ಟುಬಿಡಬೇಕು. ಗೊತ್ತಿದ್ದ ಯಂತ್ರ ತನ್ನ ಉತ್ತರ ಹೇಳಲಿ, ಗೊತ್ತಿಲ್ಲದ ಹಳೆಯ ಯಂತ್ರದ ಪರವಾಗಿ ಚೌಕಟ್ಟೇ ಹೇಳಲಿ. ಹಾಗೆ ಮಾಡಿದರೆ ಯಾರ ಬಾಗಿಲೂ ಮುಚ್ಚುವುದಿಲ್ಲ. ಇದೇನು ನಾನು ಕಂಡುಹಿಡಿದದ್ದಲ್ಲ, ಕೆಲಸ ಗೊತ್ತಿರುವವರೆಲ್ಲ ಮಾಡುವುದೇ ಇದು. ಅಲ್ಲೇ ಕೂತು ಬರೆದೆ: ಉತ್ತರ ಇಲ್ಲದಿದ್ದರೆ, ಹೌದು, ಹುಷಾರು.

ಪ್ರೋಗ್ರಾಮು ಎದ್ದಿತು. ಕುಲುಮೆಯ ಹೆಸರಿನ ಪಕ್ಕ ಹಸಿರು ಚುಕ್ಕಿ. ಓನರು ಬಂದು ನೋಡಿ, "ಹಾಂ, ಹಸಿರು! ಶುಕ್ರವಾರ ಹಿಂಗೇ ಇರ್ಲಿ," ಎಂದು ರಿಜಿಸ್ಟರನ್ನು ಟೇಬಲ್ಲಿನ ಮೇಲಿಟ್ಟು ಹೋದರು. ಹೊರಗಿನಿಂದ ಯಾರೋ ತಮಿಳು ಬೆರೆಸಿ "ಅಕ್ಕಾ, ಹೀಟ್ ರೆಡಿ, ವಾಂಗ!" ಎಂದು ಕರೆದರು. ಅಕ್ಕ ಹೋಗಲಿಲ್ಲ. ಚುಕ್ಕಿಯನ್ನೇ ನೋಡುತ್ತಾ ನಿಂತರು.

"ಇದು ಹುಷಾರಾಗಿದೆ ಅಂತ ಹೇಳಿದ್ಯಾರು?"

"ನಾನೇ ಅಕ್ಕ. ಡಬ್ಬಿ ಪರವಾಗಿ."

"ಟಿಪ್ ಮುರಿದಿದ್ರೂ ಹಸಿರೇ ತೋರಿಸುತ್ತಾ?"

"ತೋರಿಸುತ್ತೆ. ಆದ್ರೆ ಯಾರಿಗೆ ಗೊತ್ತಾಗುತ್ತೆ?"

ಅವರು ಕುರ್ಚಿ ಎಳೆದು ಕೂತರು. "ನಿಮ್ ಸಾರ್ ಫೋನ್ ಮಾಡಿದ್ರಲ್ಲ, ಅವ್ರಿಗೆ ಸುಳ್ಳು ಹೇಳ್ದಾಗಿಂದ ನನಗೆ ಸರಿಯಾಗಿ ಊಟ ಸೇರ್ತಿಲ್ಲ ಮಾರಾಯ. ಅದರ ಮೇಲೆ ಈ ಡಬ್ಬೀನೂ ಸುಳ್ಳು ಹೇಳ್ಬೇಕಾ?"

ಈಗ ಬಾಯಿ ಬಿಡದೆ ದಾರಿ ಇರಲಿಲ್ಲ. ನನ್ನ ದನಿಯಲ್ಲಿ ಹೇಳಲು ಹೋದೆ. ಕೊನೆಗೆ ಬಂದದ್ದು ಸಾರ್ ದನಿಯೇ: "ಹೇಳಿ ಹೇಳಿ, ಊಟ ಆಯ್ತಾ?"

ಅಕ್ಕ ನಗುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು, ಬಹಳ ಹೊತ್ತು ಒರೆಸಿದರು.

"ನೀನು ನೀನಾಗೇ ಕೇಳಿದ್ರೆ ಹೇಳ್ತಿದ್ನಲ್ಲೋ," ಎಂದರು. ಎದ್ದು ಸರಳು ತೆಗೆದುಕೊಂಡು, ಹೊಸ ಟಿಪ್ ಸಿಕ್ಕಿಸಿ ಕುಲುಮೆಯ ಕಡೆ ಹೋದರು.

ಅವರು ಮರಳಿ ಬರುವಷ್ಟರಲ್ಲಿ ನಾನು ಹೌದು ಎಂಬುದನ್ನು ಅಳಿಸಿದ್ದೆ. ಹೌದು, ಇಲ್ಲ ಇವೆರಡರ ಜೊತೆಗೆ ಮೂರನೆಯದೊಂದು ಉತ್ತರ: ಗೊತ್ತಿಲ್ಲ. ಅದಕ್ಕೆ ಬೂದು ಬಣ್ಣ. ಆ ಡಬ್ಬಿಗೆ ತನ್ನ ಟಿಪ್ ಕೆಟ್ಟಿದೆಯೋ ಇಲ್ಲವೋ ತಿಳಿಯುವ ಉಪಾಯವೇ ಇರಲಿಲ್ಲ, ಹಾಗಾಗಿ ಅದರ ನಿಜವಾದ ಉತ್ತರ ಅದೇ. ಆದರೆ ಬೂದು ಚುಕ್ಕಿ ನೋಡಲು ಚೆನ್ನಾಗಿರಲಿಲ್ಲ. ಏನೋ ಕೆಟ್ಟುಹೋದ ಹಾಗೆ ಕಾಣುತ್ತಿತ್ತು. ಶುಕ್ರವಾರ ಓನರ ಎದುರು, ಅಧಿಕಾರಿಯ ಎದುರು ಅದು ಹಾಗೇ ಕೂರಬೇಕು.

"ಅಕ್ಕ, ಶುಕ್ರವಾರ ಒಂದಿನ ಮಟ್ಟಿಗೆ ಹಸಿರು ಇಡ್ಲಾ?"

"ಬೇಡ. ಬೂದೀನೇ ಇರ್ಲಿ." ನನ್ನ ಕಡೆ ನೋಡಲಿಲ್ಲ.

ಬುಧವಾರ ಸಾರ್‌ಗೆ ಎಲ್ಲ ಹೇಳಿದೆ. ಅವರು ಬೈಯುವ ಬಗೆಯನ್ನು ನಾನು ಎಷ್ಟು ಸಲ ಅಭ್ಯಾಸ ಮಾಡಿದ್ದೆನೆಂದರೆ ಮುಂದಿನ ಮಾತು ನನಗೆ ಬಾಯಿಪಾಠ. ಆದರೆ ಅವರು ಬೈಯಲಿಲ್ಲ. "ನನ್ನ ದನಿಗೆ ಯಾರೂ ನಿಜ ಹೇಳಲ್ವಾ?" ಎಂದರು, ಯಾರನ್ನೋ ಕೇಳಿದ ಹಾಗೆ. ಆಮೇಲೆ, "ಸುತ್ತು ಮತ್ತೆ ಮಾಡು. ಈ ಸಲ ನೀನೇ ಆಗಿ ಮಾಡು," ಎಂದು ಹೆಲ್ಮೆಟ್ ಹಾಕಿಕೊಂಡು ಹೋದರು.

ಗುರುವಾರವಿಡೀ ನನ್ನ ದನಿಯಲ್ಲಿ ಫೋನ್ ಮಾಡಿದೆ. ಐದು ವರ್ಷದಿಂದ ಇವರ ಪ್ರೋಗ್ರಾಮು ಬರೆಯುತ್ತಿರುವವನು ನಾನು. "ಯಾರು ಮಾತಾಡ್ತಿರೋದು?" ಎಂದು ಕೇಳದವರು ಒಬ್ಬರೂ ಇಲ್ಲ. ಹೆಸರು ಹೇಳಿದರೂ ಗೊತ್ತಾಗಲಿಲ್ಲ. ಕನ್ನಡಕದ ಅಂಗಡಿಯ ಮೇಲಿನ ಆಫೀಸಿನವನು ಎಂದರೆ, "ಓ, ಸಾರ್ ಕಡೆಯವ್ರಾ," ಅನ್ನುತ್ತಿದ್ದರು. ಆದರೆ ಸಾರ್ ಕಡೆಯವನಿಗೆ ಹೇಳಲು ಅವರಿಗೆ ಭಯವಿರಲಿಲ್ಲ. ಇನ್ನೂ ಮೂರು ಕಡೆ ಸ್ವಂತ ಯಂತ್ರ ಜೋಡಿಸಿಕೊಂಡಿದ್ದು ಹೊರಬಂತು. ಮೂರೂ ಮಂಗಳವಾರದಿಂದ ಏಳದೆ ಮಲಗಿದ್ದವು, ಬೈಸಿಕೊಳ್ಳುವ ಭಯಕ್ಕೆ ಅವರು ಸುಮ್ಮನಿದ್ದರು. ಹೊಸ ಆವೃತ್ತಿ ಕಳಿಸಿದ ಮೇಲೆ ಅವೂ ಎದ್ದವು, ಬೂದು ಚುಕ್ಕಿ ಇಟ್ಟುಕೊಂಡು. ಆ ಸಂಜೆ ಖಾಲಿ ಕುರ್ಚಿಗಳ ಮುಂದೆ ಕೂತಾಗ ಯಾರ ದನಿಯನ್ನೂ ತೆಗೆಯಲಿಲ್ಲ. ಕೆಳಗಿನಿಂದ "ಈಗ ಕಾಣುತ್ತಾ? ಈಗ?" ಕೇಳುತ್ತಿತ್ತು. ಅಕ್ಕನಿಗೆ ಫೋನ್ ಮಾಡಬೇಕೆನಿಸಿತು. ಕೇಳಲು ಡೌಟು ಇರಲಿಲ್ಲ.

ಶುಕ್ರವಾರ ಕರೆಯದಿದ್ದರೂ ಹೋದೆ. ಬೆಳಗಿನ ವಿಮಾನಕ್ಕೆ ಸೋಗಾನೆಯಲ್ಲಿ ಇಳಿದ ಅಧಿಕಾರಿ ನೇರ ಫೌಂಡ್ರಿಗೆ ಬಂದಿದ್ದರು. ಬೆಳಗಾವಿ ಕಡೆಯ ಮಾತು. ಬೇರೆ ದಿನವಾಗಿದ್ದರೆ ಹತ್ತು ನಿಮಿಷದಲ್ಲಿ ಅವರನ್ನು ಇಡಿಯಾಗಿ ಕಲಿತುಬಿಡುತ್ತಿದ್ದೆ. ಓನರು ಅವರ ಹಿಂದೆ, ಓನರ ಕಂಕುಳಲ್ಲಿ ರಿಜಿಸ್ಟರು. ನಾನು ಬಾಗಿಲ ಬಳಿ ಗೋಡೆಗಂಟಿ ನಿಂತೆ. ಅಕ್ಕ ನನ್ನನ್ನು ನೋಡಿದರು, ತಲೆ ಅಲ್ಲಾಡಿಸಿದರೋ ಇಲ್ಲವೋ ಗೊತ್ತಾಗಲಿಲ್ಲ.

ಅಧಿಕಾರಿ ಹಳೆಯ ಹೀಟುಗಳ ದಾಖಲೆಯನ್ನು ಒಂದೊಂದಾಗಿ ನೋಡಿದರು. ಆಮೇಲೆ ಬೆರಳು ಪರದೆಯ ಮೂಲೆಗೆ ಹೋಯಿತು.

"ಇದ್ಯಾಕ್ರೀ ಬೂದಿ ಬಣ್ಣ ಐತಿ? ಉಳಿದಾವೆಲ್ಲಾ ಹಸರ ಅದಾವಲ್ಲ?"

"ಮೊನ್ನೆ ಹಸಿರೇ ಇತ್ತು ಸಾರ್, ನಾನೇ ನೋಡಿದೀನಿ!" ಎಂದು ಓನರು ಮುಂದೆ ಬಂದರು. "ಏನಮ್ಮಾ ಇದು? ಕೆಟ್ಟಿದ್ರೆ ಕೆಟ್ಟಿದೆ ಅನ್ನು, ರಿಜಿಸ್ಟರ್ ಇದೆ."

"ಸರಿ ಐತೋ ಇಲ್ಲೋ, ಒಂದ್ ಹೇಳ್ರಿ," ಎಂದರು ಅಧಿಕಾರಿ.

ಆಮೇಲೆ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಅಧಿಕಾರಿ ಅಕ್ಕನ ಕಡೆ ತಿರುಗಿ, ಕುರ್ಚಿ ಹಾಕಿಸಿಕೊಂಡು ಕೂತು, ಮುಂದಿನ ಒಂದು ಗಂಟೆ ಏನು ಕೇಳುವುದಿದ್ದರೂ ಅವರನ್ನೇ ಕೇಳಿದರು. ಹೋಗುವಾಗ ಕಂಪ್ಯೂಟರಿನ ದಾಖಲೆಗೇ ಸಹಿ ಹಾಕಿದರು. ಓನರು ರಿಜಿಸ್ಟರನ್ನು ತಾವೇ ಕಪಾಟಿಗೆ ಸೇರಿಸಿದರು, ಕೋರ್ ಸೆಕ್ಷನ್ನಿನ ಮಾತು ಮತ್ತೆ ಎತ್ತಲಿಲ್ಲ. ಅಕ್ಕ ನನಗೆ ಮತ್ತೆ ಮಧ್ಯಾಹ್ನದ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಅವರು ಅವತ್ತು ಅಧಿಕಾರಿಗೆ ಕೊಟ್ಟ ಉತ್ತರವನ್ನು ಖಾಲಿ ಕುರ್ಚಿಗಳ ಮುಂದೆ ಅವರದೇ ದನಿಯಲ್ಲಿ ಹೇಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಬರುವುದಿಲ್ಲ. ಮಾತುಗಳು ಮಾತ್ರ ಇವು:

"ಈ ಡಬ್ಬಿಗೆ ಗೊತ್ತಿಲ್ಲ ಸಾರ್, ಅದಕ್ಕೇ ಬೂದಿ. ನನಗೆ ಗೊತ್ತು, ಪ್ರತಿ ಹೀಟಿಗೂ ಹೊಸ ಟಿಪ್ ಹಾಕಿ ಅದ್ದೋಳು ನಾನೇ. ಈಗ ನೀವು ಹೇಳಿ, ಡಬ್ಬೀನ ಕೇಳ್ತೀರೋ, ನನ್ನ ಕೇಳ್ತೀರೋ?"